ಮುಂದೆ ಹೋಗುತ್ತಿದ್ದ ಮೀನಿನ ಟೆಂಪೊ

ಬಾಗಿಲು ಸ್ವಲ್ಪ ಎಳ್ಕೊಳ್ಳಿ. ಪೂರ್ತಿ ಹಾಕ್ಬೇಡಿ, ಒಳಗೆ ಸೆಕೆ. ನವ್ಯಾ, ಆ ಸೌತೆಕಾಯಿ ಬುಟ್ಟಿ ಈಚೆ ತಳ್ಳು. ಮದುವೆ ಮನೆ ಕೆಲಸ, ಬೆಳಗಾಗೋದ್ರೊಳಗೆ ಇಷ್ಟೂ ಹೆಚ್ಚಿ ಮುಗಿಸಬೇಕು. ಬಾಯಿ ಸುಮ್ಮನಿದ್ರೆ ಕೈಗೂ ನಿದ್ದೆ ಬರ್ತದೆ. ಅದಕ್ಕೇ ಹೇಳ್ತೇನೆ.

ಇದು ಯಾರೋ ಯಾರಿಗೋ ಹೇಳಿದ್ದಲ್ಲ. ಚಂದ್ರ ನನ್ನ ಚಿಕ್ಕಮ್ಮನ ಮಗ. ನಾಳೆ ಧಾರೆಗೆ ಬರ್ತಾನೆ, ನಂಬಿಕೆ ಇಲ್ಲದಿದ್ರೆ ಅವನನ್ನೇ ಕೇಳಿ. ಅವನ ಹೆಂಡತಿ ಸುಗಂಧಿ ಎದುರಿಗೆ ಮಾತ್ರ ಕೇಳ್ಬೇಡಿ.

ಕಳೆದ ವರ್ಷ ಚಳಿ ಶುರುವಾದ ಹೊತ್ತು. ರಾತ್ರಿ ಊಟ ಮುಗಿಸಿ ಚಂದ್ರ ಒಬ್ಬನೇ ಮನೆಯಿಂದ ಹೊರಟ. ಕೈಯಲ್ಲೊಂದು ಗೋಣಿಚೀಲ. ತ್ರಾಸಿಯಲ್ಲಿ ಅವರ ಮನೆಯಿಂದ ರಸ್ತೆಗೆ ಹೋಗುವ ದಾರಿಯಲ್ಲಿ ಒಂದು ಹಾಳು ಬಾವಿ ಇದೆ. ನೀರು ಉಪ್ಪಾಗಿ ಎಷ್ಟೋ ಕಾಲ ಆಯ್ತು, ಯಾರೂ ಸೇದೋದಿಲ್ಲ. ಅಲ್ಲಿ ನಿಂತು ಚೀಲದ ಬಾಯಿ ಬಿಚ್ಚಿದ. ಒಳಗಿದ್ದದ್ದು ಒಂದು ಹಾರನ್. ಅವನ ಮೀನಿನ ಟೆಂಪೊದ್ದೇ. ವಯರು ಕತ್ತರಿಸಿ ಕಿತ್ತು ತಂದಿದ್ದ. ಎತ್ತಿ ಬಾವಿಗೆ ಎಸೆದ. ಕಲ್ಲಿಗೆ ಒಮ್ಮೆ ಬಡಿಯಿತು… ಠಣ್. ಆಮೇಲೆ… ಗುಳುಂ.

ಆಯ್ತು, ಕೆಲಸ ಮುಗೀತು ಅಂತ ತಿರುಗಿ ಮನೆ ಕಡೆ ಹೊರಟ. ಸ್ವಲ್ಪ ದೂರ ಬಂದಿರಬೇಕು…

ಟಕ್. ಟಕ್.

ತಗಡಿಗೆ ಉಂಗುರ ಬಡಿದ ಸದ್ದು. ಟೆಂಪೊ ಬಿಡುವವನು ಕಿಟಕಿಯಿಂದ ಕೈ ಹೊರಗೆ ಹಾಕಿ ಬಾಗಿಲಿಗೆ ಬಡಿದ್ರೆ ಬರ್ತದಲ್ಲ, ಅದು. ಚಂದ್ರ ತಿರುಗಿ ನೋಡಿದ. ಯಾರೂ ಇಲ್ಲ. ಲೈಟಿಲ್ಲ, ಇಂಜಿನ್ನಿನ ಸದ್ದಿಲ್ಲ. ಬಾವಿ ಕಟ್ಟೆ ಮೇಲೆ ಒಂದು ಬೆಕ್ಕು ಕೂಡ ಇರಲಿಲ್ಲ. ಆಮೇಲೆ ದೂರದಲ್ಲಿ, ರಸ್ತೆ ಕಡೆಯಿಂದ…

ಪೋಂ…ಯ್. ಪೋಂ…ಯ್. ಪೊಂ.

ಎರಡು ಉದ್ದ, ಒಂದು ಗಿಡ್ಡ. ಈಗಷ್ಟೇ ಬಾವಿಗೆ ಹಾಕಿದ ಹಾರನ್ನೇ ಅದು!

ಮನೆಗೆ ಬಂದ್ರೆ ಸುಗಂಧಿ ಚಾಪೆ ಮೇಲೆ ಎದ್ದು ಕೂತಿದ್ದಾಳೆ. ಕತ್ತಲಲ್ಲೇ. ಮೆಲ್ಲಗೆ ಕೇಳಿದಳು.

"ಹ್ವಾಯ್… ಇಷ್ಟೊತ್ತಿಗೆ ಗಾಡಿ ಎಲ್ಲಿಗ್ ಹೋಯ್ತ್?"

"ನಮ್ ಗಾಡಿ ಅಂಗ್ಳದಗೇ ಇತ್ತ್."

"ಹಾಂಗಾರೆ ಹಾರನ್ ಹಾಕಿದ್ದ್ ಯಾರ್?"

ಚಂದ್ರ ಹೊದಿಕೆ ಎಳ್ಕೊಂಡ. ಮಲಗಿದ. ಅವಳು ಕೂತೇ ಇದ್ದಳು.

ಹಾರನ್ ಯಾಕೆ ಬಾವಿಗೆ ಹಾಕಿದ ಅಂತ ಕೇಳ್ತೀರಿ. ಅದನ್ನೇ ಹೇಳ್ಲಿಕ್ಕೆ ಹೊರಟದ್ದು, ಸ್ವಲ್ಪ ತಾಳಿ.

ಮೀನಿನ ಗಾಡಿಗಳಿಗೆಲ್ಲ ಒಂದೊಂದು ಹಾರನ್ ಅಲ್ವಾ? ಒಳಗೆ ದೋಸೆ ಹೊಯ್ತಾ ಇದ್ರೂ ಯಾರ ಗಾಡಿ ಬಂತು ಅಂತ ನಮಗೆ ತಿಳೀತದೆ. ಬೇಕಾದವನದ್ದಾದ್ರೆ ಪಾತ್ರೆ ಹಿಡ್ಕೊಂಡು ಓಡ್ತೇವೆ. ಬೇಡದವನದ್ದಾದ್ರೆ ಕೂತಲ್ಲಿಂದ ಏಳೋದಿಲ್ಲ. ಹೆಮ್ಮಾಡಿಯಿಂದ ಒಳಗೆ ವಂಡ್ಸೆ ಕಡೆ ಹೋಗುವ ರಸ್ತೆಯಲ್ಲಿ ಆ ಎರಡು ಉದ್ದ ಒಂದು ಗಿಡ್ಡ ಹಾರನ್ ಶೀನನದ್ದು. ಶೀನ ಅಂದ್ರೆ ಸುಗಂಧಿಯ ಮೊದಲ ಗಂಡ. ಅವನು ಗಾಡಿ ಬಿಡೋದು, ಅವಳು ಪಕ್ಕದಲ್ಲಿ ಕೂತು ಹೋಗಿ ಮನೆಮನೆ ಮುಂದೆ ಮೀನು ತೂಗಿ ಕೊಡೋದು. ಆ ರಸ್ತೆ ಹೆಂಗಸರಿಗೆ ಶೀನನ ಮೀನೇ ಆಗಬೇಕು. ಬೇರೆಯವರ ಟೆಂಪೊದಲ್ಲಿ ಅದೇ ಬಂಗುಡೆ ಬಂದ್ರೂ ಮೂಗು ಮುರೀತಿದ್ರು.

ಬೇರೆಯವರು ಅಂದ್ರೆ ನಮ್ಮ ಚಂದ್ರ. ಅವನದ್ದೂ ಅದೇ ರಸ್ತೆ. ಇಬ್ಬರೂ ಕತ್ತಲಿರುವಾಗಲೇ ಗಂಗೊಳ್ಳಿ ಬಂದರಿನಲ್ಲಿ ಮೀನು ತೆಗೆದು, ಐಸ್ ಹಾಕ್ಕೊಂಡು ಹೊರಡೋದು. ಮೊದಲು ಹೋದವನ ಪೆಟ್ಟಿಗೆ ಖಾಲಿ. ಹಿಂದೆ ಬಿದ್ದವನ ಮೀನಿಗೆ ಮಧ್ಯಾಹ್ನದ ಬಿಸಿಲು. ಹೆಮ್ಮಾಡಿವರೆಗೆ ಹೈವೇ, ಅಲ್ಲಿ ಯಾರು ಯಾರನ್ನು ಬೇಕಾದ್ರೂ ದಾಟಬಹುದು. ಒಳಗೆ ತಿರುಗಿದ ಮೇಲೆ ಹೋಗ್ಲಿಕ್ಕೊಂದು ಸಾಲು, ಬರ್ಲಿಕ್ಕೊಂದು ಸಾಲು. ದಾಟಬೇಕಾದ್ರೆ ಎದುರಿನಿಂದ ಬರುವವನ ಜಾಗಕ್ಕೇ ನುಗ್ಗಬೇಕು.

ಗಂಡಸರು ರಸ್ತೆ ನೋಡಿ ಓವರ್‌ಟೇಕ್ ಮಾಡ್ತಾರೆ ಅಂತ ನಾವೆಲ್ಲ ತಿಳ್ಕೊಂಡಿದ್ದೇವೆ. ತಿರುವು ಇದೆಯಾ, ಏರು ಇದೆಯಾ, ನಮ್ಮ ಗಾಡಿಯಲ್ಲಿ ಲೋಡೆಷ್ಟು, ಎದುರಿನ ಲೈಟು ಎಷ್ಟು ದೂರ, ಒಂದೇ ಲೈಟಾದ್ರೆ ಅದು ಬೈಕಾ ಅಥವಾ ಇನ್ನೊಂದು ಲೈಟು ಸತ್ತ ಲಾರಿಯಾ… ಇದನ್ನೆಲ್ಲ ನೋಡ್ತಾರೆ, ಇಲ್ಲ ಅಂತಲ್ಲ. ಆದ್ರೆ ಎಲ್ಲಕ್ಕಿಂತ ಮೊದಲು ನೋಡೋದು ಮುಂದಿನ ಗಾಡಿ ಯಾರದು ಅಂತ. ಗುರುತಿಲ್ಲದವನ ಹಿಂದೆ ವಂಡ್ಸೆವರೆಗೂ ತೆವಳ್ತಾರೆ. ಗುರುತಿದ್ದವನ ಹಿಂದೆ ಒಂದು ಗಳಿಗೆ ಇರ್ಲಿಕ್ಕೆ ಆಗೋದಿಲ್ಲ. ಪಕ್ಕದ ಸೀಟಿನಲ್ಲಿ ಹೆಂಗಸು ಕೂತಿದ್ರಂತೂ ಕೇಳೋದೇ ಬೇಡ. ಚಂದ್ರನೇ ಬಾಯಿಬಿಟ್ಟು ಹೇಳಿದ್ದಾನೆ, ಒಬ್ಬನೇ ಇದ್ದಾಗ ಬ್ರೇಕ್ ಹಾಕುವ ಜಾಗದಲ್ಲಿ ಸುಗಂಧಿ ಪಕ್ಕ ಇದ್ರೆ ಕಾಲು ತಾನಾಗಿ ಎಕ್ಸಿಲೇಟರ್ ಮೇಲೆ ಹೋಗ್ತದಂತೆ. ನಮ್ಮನೆಯವರ ಲೆಕ್ಕ ಬೇರೆ ಬಿಡಿ. ನಿಮ್ಮ ಲೀಲಾಧರ ಭಾವನ ಸ್ಕೂಟರನ್ನು ಎಮ್ಮೆಯೂ ದಾಟಿ ಹೋಗ್ತದೆ, ನಾನು ಹಿಂದೆ ಕೂತಿದ್ರೂ. ಕೇಳಿಸ್ತದಾ ಗೊರಕೆ? ಅಲ್ಲೇ ಮಲಗಿದ್ದಾರೆ.

ಆ ರಸ್ತೆಯಲ್ಲಿ ಇನ್ನೊಂದು ಕ್ರಮ ಇದೆ. ಈಗ ಕಡಿಮೆಯಾಗಿದೆ, ಹಳಬರು ಮಾಡ್ತಾರೆ. ಹಿಂದಿನವನಿಗೆ ತಿರುವಿನ ಆಚೆ ಕಾಣೋದಿಲ್ಲ, ಮುಂದಿನವನಿಗೆ ಕಾಣ್ತದೆ. ಹಾಗಾಗಿ ಮುಂದಿನವನು ಎದುರು ಖಾಲಿ ಇದೆ ಅಂತಾದ್ರೆ ಕಿಟಕಿಯಿಂದ ಕೈ ಹೊರಗೆ ಹಾಕಿ ಮುಂದಕ್ಕೆ ಬೀಸ್ತಾನೆ, ಹೋಗು ಅಂತ. ಹಿಂದಿನವನು ಕಣ್ಣುಮುಚ್ಚಿ ನಂಬಿ ದಾಟಿ ಹೋಗ್ತಾನೆ. ದಾಟುವಾಗ ಸಣ್ಣ ಹಾರನ್ ಒಂದು, ಉಪಕಾರ ಆಯ್ತು ಅಂತ. ಅಷ್ಟೇ. ಮುಖ ಕೂಡ ನೋಡೋದಿಲ್ಲ.

ಶೀನ ಬಾಗಿಲಿಗೆ ಉಂಗುರದಲ್ಲಿ ಎರಡು ಸಲ ಬಡಿದು, ಆಮೇಲೆ ಕೈ ಬೀಸ್ತಿದ್ದ. ಅವನ ಕೈ ಒಂದು ದಿನ ತಪ್ಪಿದ್ದಿಲ್ಲ. ಬಸ್ಸಿನವರೂ ನಂಬ್ತಿದ್ರು, ಮದುವೆ ದಿಬ್ಬಣದ ವ್ಯಾನಿನವರೂ ನಂಬ್ತಿದ್ರು. ನಂಬದವ ಒಬ್ಬನೇ, ಚಂದ್ರ. ಶೀನ ಕೈ ಬೀಸಿದ್ರೆ ಇವ ಹಿಂದೆಯೇ ನಿಲ್ತಿದ್ದ. ಬೀಸದಿದ್ದಲ್ಲಿ ನುಗ್ಗಿ ದಾಟ್ತಿದ್ದ. ದಾಟುವಾಗ ಒಳಗೆ ಕೂತ ಸುಗಂಧಿಯನ್ನು ಒಮ್ಮೆ ನೋಡ್ತಿದ್ದ. ಹೊಟ್ಟೆಕಿಚ್ಚು ಮೀನಿಂದು ಮಾತ್ರ ಅಲ್ಲ ಅಂತ ನಮಗೆಲ್ಲ ಗೊತ್ತಿತ್ತು.

ಆಮೇಲೆ ಶೀನ ಸತ್ತ. ಎಂತ, ಆಕ್ಸಿಡೆಂಟಾ ಅಂತ ಕಣ್ಣು ಬಿಡ್ಬೇಡಿ. ರಸ್ತೆಯಲ್ಲಿ ಸತ್ತವನಲ್ಲ. ಕಾಮಾಲೆ ಆಗಿ, ಮೈಯೆಲ್ಲ ಹಳದಿಯಾಗಿ, ಮನೆಯಲ್ಲೇ ಚಾಪೆ ಮೇಲೆ ಸತ್ತ. ಅವನ ಟೆಂಪೊ ಗುಜರಿಗೆ ಹೋಯ್ತು. ಮಳೆಗಾಲ ಕಳೆದು, ಎರಡೂ ಮನೆಯವರು ಕೂತು ಮಾತಾಡಿ ಸುಗಂಧಿಯನ್ನು ಚಂದ್ರನಿಗೆ ಕೊಟ್ಟರು. ಚಂದ್ರನ ಖುಷಿ ಕೇಳ್ಬೇಡಿ. ಆನೆಗುಡ್ಡೆಗೆ ಹೋಗಿ ಪೂಜೆ ಕೊಟ್ಟು ಬಂದ.

ನನಗೆ ಕೂಡ ಸ್ವಲ್ಪ ಉರೀತು, ಸುಳ್ಳು ಯಾಕೆ ಹೇಳ್ಲಿ. ಒಬ್ಬಳಿಗೆ ಎರಡೆರಡು ಪ್ರೀತಿ. ನಮಗೆ ಒಂದೇ, ಅದೂ ಗೊರಕೆ ಹೊಡೀತದೆ.

ತಪ್ಪು ಆದದ್ದು ಇಲ್ಲಿ. ಟೆಂಪೊ ಗುಜರಿಗೆ ಕೊಡುವಾಗ ಸುಗಂಧಿ ಹಾರನ್ ತೆಗೆದಿಟ್ಟುಕೊಂಡಿದ್ದಳು. ಮದುವೆಯಾದ ಮೇಲೆ ಅದನ್ನು ಚಂದ್ರನ ಟೆಂಪೊಗೆ ಹಾಕಿಸಿದರು. ವ್ಯಾಪಾರದವರಿಗೆ ಸಹಜ ಅಲ್ವಾ? ಆ ಸದ್ದಿಗೆ ಹೆಂಗಸರು ಪಾತ್ರೆ ಹಿಡ್ಕೊಂಡು ಬರ್ತಾರೆ, ಗಿರಾಕಿ ತಪ್ಪಿ ಹೋಗೋದಿಲ್ಲ. ಚಂದ್ರನೂ ಮೊದಲು ಒಳ್ಳೇದೇ ಆಯ್ತು ಅಂದ. ಸತ್ತವನ ಬಟ್ಟೆ ಹಾಕ್ಕೊಳ್ಳೋದಿಲ್ಲ ನಾವು, ಹಾಸಿಗೆ ಸುಟ್ಟು ಹಾಕ್ತೇವೆ. ಹಾರನ್ ಅಂದ್ರೆ ಅವನ ಸ್ವರ ಅಂತ ಯಾರ ತಲೆಗೂ ಹೋಗ್ಲಿಲ್ಲ ನೋಡಿ.

ಮೀನು ಹೋಯ್ತು. ಚೆನ್ನಾಗಿಯೇ ಹೋಯ್ತು. ಆದ್ರೆ ಪ್ರತಿ ಮನೆ ಮುಂದೆಯೂ ಒಳಗಿನಿಂದ ಕೂಗು, "ಶೀನನ ಗಾಡಿ ಬಂತ್!" ಹೊರಗೆ ಬಂದು ಇವನ ಮುಖ ಕಂಡು, "ಓ… ಚಂದ್ರನಾ." ಆ 'ಓ' ಇದೆಯಲ್ಲ, ಅದು ಅವನ ಎದೆಗೆ ಮುಳ್ಳು. ಸಾಲದ್ದಕ್ಕೆ ಸುಗಂಧಿ. ಅವಳಿಗೆ ಹೆಮ್ಮಾಡಿ ದಾಟಿದ ಮೇಲೆ ಬಾಗಿಲಿಗೆ ತಲೆಕೊಟ್ಟು ನಿದ್ದೆ ಮಾಡುವ ಅಭ್ಯಾಸ. ನಿದ್ದೆಗಣ್ಣಲ್ಲೇ ಏನಾದ್ರೂ ಒಂದು ಹೇಳಿಬಿಡ್ತಿದ್ದಳು. ಒಂದು ದಿನ ಏರಿನಲ್ಲಿ ಗಾಡಿ ಏದುಸಿರು ಬಿಡ್ತಾ ಇದೆ.

"ಇಲ್ಲ್ ಅವ್ರಾರೆ ಸೆಕೆಂಡಿಗ್ ಹಾಕ್ತಿದ್ರ್," ಅಂದಳು. ಅವ್ರು ಅಂದ್ರೆ ಶೀನ.

ಚಂದ್ರ ಸೆಕೆಂಡಿಗೆ ಹಾಕ್ಲಿಲ್ಲ. ಗಾಡಿ ಏರಿನ ಮಧ್ಯ ಬಂದ್ ಬಿತ್ತು. ಅವತ್ತೇ ರಾತ್ರಿ ಆ ಹಾರನ್ ಬಾವಿಗೆ ಹೋದದ್ದು.

ಮರುದಿನ ಹೊಸ ಹಾರನ್ ಹಾಕಿ ಹೊರಟರು. ಕೀಂ ಕೀಂ ಅಂತ ಬೈಕಿನ ಹಾಗೆ ಕೂಗುವ ಒಂದು ಹಾರನ್. ಮೊದಲ ಮನೆ ಪ್ರೇಮಾನಂದ ಅಂತ ಒಬ್ಬನ ತಾಯಿಯದ್ದು. ಗದ್ದೆ ಬದಿಗೆ, ಏರು ಮುಗಿದು ಸ್ವಲ್ಪ ಮುಂದೆ. ಹಾರನ್ ಹಾಕಿದ್ರೂ ಅವರು ಹೊರಗೆ ಬರ್ಲಿಲ್ಲ. ಚಂದ್ರ ಇಳಿದು ಕೂಗಿದ.

"ಹ್ವಾಯ್, ಮೀನ್ ಬೇಡ್ದಾ?"

"ಎಂತಕೆ? ಆಗ್ಳೇ ತಕಂಡ್ ಆಯ್ತಲೆ!" ಒಳಗಿನಿಂದಲೇ ಅಂದರು.

"ಯಾರ್ ಹತ್ರ?"

"ನಿಮ್ಮತ್ರವೇ. ಹಾರನ್ ಕೇಂಡ್ ಬಂದೆ, ಹಿಂದ್‌ಗಡೆಯಿಂದ ಕೈ ನೀಡಿ ಕೊಟ್ಟದ್ದ್ ನೀನೇ ಅಲ್ದಾ? ಕತ್ಲಿಗೆ ಮೋರೆ ಕಾಣ್ಲಿಲ್ಲೆ."

ಪಾತ್ರೆ ತಂದು ತೋರಿಸಿದರು. ಬಂಗುಡೆ. ಮೇಲೆ ಐಸಿನ ಚೂರು ಇನ್ನೂ ಕರಗಿರಲಿಲ್ಲ. ಚಂದ್ರನ ಪೆಟ್ಟಿಗೆಯಲ್ಲಿ ಇದ್ದದ್ದೂ ಬಂಗುಡೆಯೇ. ಇದು ಅದಕ್ಕಿಂತ ದೊಡ್ಡದು.

ಮುಂದಿನ ಮನೆಯಲ್ಲೂ ಅದೇ ಮಾತು. ಅದರ ಮುಂದಿನದ್ದರಲ್ಲೂ ಅದೇ. ಚಂದ್ರ ತಲೆ ಎತ್ತಿ ನಿಂತ. ದೂರದಲ್ಲಿ, ಮುಂದೆ, ತಿರುವಿನ ಆಚೆ… ಪೋಂ…ಯ್. ಪೋಂ…ಯ್. ಪೊಂ.

ಆ ದಿನದಿಂದ ಹೀಗೇ ಆಯ್ತು. ಬೇಗ ಹೊರಟು ನೋಡಿದ. ಬಂದರಿನಲ್ಲಿ ಎಲ್ಲರಿಗಿಂತ ಮೊದಲು ಮೀನು ತುಂಬಿಸಿ ನೋಡಿದ. ಎಷ್ಟು ಬೇಗ ಹೊರಟ್ರೂ ಆ ಹಾರನ್ ಇವನಿಗಿಂತ ಒಂದು ತಿರುವು ಮುಂದೆ. ಒಮ್ಮೊಮ್ಮೆ ಕೆಂಪು ಲೈಟೊಂದು ಕಾಣ್ತಿತ್ತು. ಒಂದೇ ಲೈಟು. ಇವ ತಿರುವಿಗೆ ಬರುವಾಗ ಅದು ಮುಂದಿನ ತಿರುವಿಗೆ. ಬಂಗುಡೆ ಪೆಟ್ಟಿಗೆಯಲ್ಲೇ ಉಳೀತು, ಬೆಕ್ಕಿಗೂ ಸಾಕಾಯ್ತು.

ಮೀನಿನ ವಿಷಯ ಹೋಗ್ಲಿ ಅಂತಾನೆ ಚಂದ್ರ. ಅವನಿಗೆ ಸಹಿಸ್ಲಿಕ್ಕೆ ಆಗದ್ದು ಸುಗಂಧಿ. ಅವಳ ನಿದ್ದೆ ಹೋಯ್ತು. ಹೆಮ್ಮಾಡಿ ತಿರುಗಿದ್ದೇ ತಡ, ನೆಟ್ಟಗೆ ಕೂತು, ಎರಡೂ ಕೈ ಮುಂದೆ ಡ್ಯಾಶ್‌ಬೋರ್ಡಿನ ಮೇಲಿಟ್ಟು, ರಸ್ತೆ ನೋಡ್ತಾ ಕೂರ್ತಿದ್ದಳು. ಇವನನ್ನು ನೋಡ್ತಿರಲಿಲ್ಲ. ಹಾರನ್ ಕೇಳಿದ್ರೆ ಅವಳ ಬೆರಳು ಅಲ್ಲೇ ಒಂದು ಸಲ ಕುಣೀತಿತ್ತು.

"ಹೆದ್ರಿಕಿ ಆತಿಲ್ಲ್ಯಾ ನಿಂಗೆ?" ಒಮ್ಮೆ ಕೇಳಿದ.

"ಎಂತಕೆ ಹೆದ್ರೂದ್?" ಅಂದಳು. "ಅವ್ರ್ ಯಾರಿಗ್ ಎಂತ ಮಾಡಿರ್?"

ಹೆದರಿ ಅತ್ತಿದ್ರೆ ಚಂದ್ರನಿಗೆ ಸಮಾಧಾನ ಆಗ್ತಿತ್ತು. ನೀವೇ ಹೇಳಿ, ಬದುಕಿದ್ದವನ ಮೇಲಾದ್ರೆ ಜಗಳಕ್ಕಾದ್ರೂ ಹೋಗಬಹುದು. ಸತ್ತವನ ಮೇಲೆ ಹೊಟ್ಟೆಕಿಚ್ಚಾದ್ರೆ ಎಲ್ಲಿ ಹೋಗಿ ಕೂಗೋದು? ದೈವ ಮೈಮೇಲೆ ಬರುವ ಪಾತ್ರಿಯ ಹತ್ತಿರ ಕೇಳುವ ಅಂತ ಚಿಕ್ಕಮ್ಮ ಹೇಳಿದ್ರು. ಚಂದ್ರ ಬೇಡ ಅಂದ. ಅವನ ತಲೆಯಲ್ಲಿ ಇದ್ದದ್ದು ಒಂದೇ. ಆ ಗಾಡಿಯನ್ನು ಒಮ್ಮೆ ದಾಟಬೇಕು. ಸುಗಂಧಿ ನೋಡ್ತಾ ಇರುವಾಗಲೇ ದಾಟಿ ಮುಂದೆ ಹೋಗಬೇಕು. ಒಮ್ಮೆ ಮುಂದೆ ಹೋದ್ರೆ ಅವಳು ಮತ್ತೆ ಮುಂದೆ ನೋಡೋದಿಲ್ಲ, ಅವಳು ತನ್ನವಳು ಅಂತ.

ಗಂಡಸರ ಬುದ್ಧಿ. ಇರ್ಲಿ.

ಸಂಕ್ರಾಂತಿ ಕಳೆದು ಸ್ವಲ್ಪ ದಿನ ಆಗಿತ್ತು. ಚಳಿ, ಗದ್ದೆ ಮೇಲೆಲ್ಲ ಮಂಜು. ಇನ್ನೂ ಬೆಳಕು ಹರಿದಿರಲಿಲ್ಲ. ಸುಗಂಧಿ ತಲೆಗೆ ಟವೆಲ್ ಸುತ್ತಿ ಪಕ್ಕದಲ್ಲಿ ಕೂತಿದ್ದಾಳೆ. ಹೆಮ್ಮಾಡಿ ದಾಟಿ, ಅಂಗಡಿಗಳೆಲ್ಲ ಮುಗಿದು, ಗೇರು ಮರಗಳ ಹಾಡಿ ಶುರುವಾಯ್ತು. ಅಲ್ಲೇ ಆ ಏರು. ಏರಿನ ತಲೆಯಲ್ಲಿ ರಸ್ತೆ ಬಲಕ್ಕೆ ತಿರುಗ್ತದೆ. ಆಚೆಯದ್ದು ಎಂತದೂ ಕಾಣೋದಿಲ್ಲ.

ಏರಿನ ಬುಡಕ್ಕೆ ಬಂದಾಗ ಚಂದ್ರನ ಲೈಟಿಗೆ ಮುಂದೊಂದು ಗಾಡಿ ಸಿಕ್ಕಿತು.

ಟೆಂಪೊ. ನೀಲಿ ಟರ್ಪಾಲು. ಒಂದೇ ಕೆಂಪು ಲೈಟು. ನಂಬರ್ ಪ್ಲೇಟ್ ಇರಬೇಕಾದ ಜಾಗದಲ್ಲಿ ಬರೀ ಕಪ್ಪು. ಹಿಂದಿನ ಬಾಗಿಲಿನ ಸಂದಿಯಿಂದ ಐಸಿನ ನೀರು ರಸ್ತೆಗೆ ಬೀಳ್ತಾ ಇದೆ… ತೊಟ್. ತೊಟ್. ತೊಟ್. ಇಷ್ಟು ದಿನ ಸಿಗದ ಗಾಡಿ ಈಗ ಮೆಲ್ಲಗೆ, ನಡೆದುಕೊಂಡು ಹೋಗುವವರ ಹಾಗೆ ಏರು ಹತ್ತುತ್ತಾ ಇದೆ. ಅದರ ಇಂಜಿನ್ನಿನ ಸದ್ದು ಕೇಳ್ತಾ ಇರಲಿಲ್ಲ ಅಂತ ಚಂದ್ರನಿಗೆ ಆಮೇಲೆ ನೆನಪಾದದ್ದು. ಆಗ ಕೇಳ್ತಿದ್ದದ್ದು ಇವನ ಇಂಜಿನ್ನು, ಆ ನೀರು, ಸುಗಂಧಿಯ ಉಸಿರು. ಅಷ್ಟೇ.

ಚಂದ್ರ ಲೈಟ್ ಎರಡು ಸಲ ಏರಿಸಿ ಇಳಿಸಿದ. ಸೈಡ್ ಕೊಡು ಅಂತ. ಮುಂದಿನ ಗಾಡಿ ರಸ್ತೆ ಮಧ್ಯದಲ್ಲೇ ಹೋಯ್ತು. ಕೀಂ ಕೀಂ ಹಾರನ್ ಹಾಕಿದ. ಸೈಡಿಲ್ಲ. ಮೂರನೇ ಗೇರಿನಲ್ಲಿ ಆಗದೆ ಎರಡಕ್ಕೆ ಹಾಕಿದ. ಬಲಕ್ಕೆ ಮೂತಿ ಹಾಕಿ ನೋಡಿದ. ತಿರುವು ಬಂದೇಬಿಡ್ತು. ಕತ್ತಲೆ, ಮಂಜು, ಎದುರಿಗೆ ಎಂತ ಇದೆ ಅಂತ ಗೊತ್ತಾಗೋದಿಲ್ಲ.

ಆಗ ಮುಂದಿನ ಗಾಡಿ ಎಡಕ್ಕೆ ಸರೀತು.

ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ಮೊಣಕೈವರೆಗೆ. ಲೈಟಿನ ಬೆಳಕಿಗೆ ಹಳದಿಯಾಗಿ ಕಂಡಿತು.

ಟಕ್. ಟಕ್.

ಆ ಕೈ ಮುಂದಕ್ಕೆ ಬೀಸಿತು. ಹೋಗು… ಹೋಗು…

ಸುಗಂಧಿ ಇವನ ತೋಳು ಹಿಡಿದಳು. ಮದುವೆಯಾದಲ್ಲಿಂದ ಗಾಡಿಯಲ್ಲಿ ಅವಳಾಗಿ ಇವನನ್ನು ಮುಟ್ಟಿದ್ದು ಅದೇ ಮೊದಲು ಅಂತೆ.

"ಹೋಯ್ನಿ," ಅಂದಳು ಪಿಸುಗುಟ್ಟಿ, ದಾಟಿ ಹೋಗಿ ಅಂತ.

"ಆಚಿಗೆ ಕಾಂತಿಲ್ಲೆ."

"ಅವ್ರ್ ಕೈ ಬೀಸ್ರೆ ಎದ್ರಿಗೆ ಎಂತದೂ ಇಲ್ಲೆ ಅಂದೇ. ಹೋಯ್ನಿ ಮರ್ರೆ… ಹೋಯ್ನಿ."

ಚಂದ್ರನ ಕಾಲು ಎಕ್ಸಿಲೇಟರ್ ಮೇಲಿತ್ತು. ಇಷ್ಟು ದಿನ ಕಾದದ್ದು ಇದಕ್ಕೇ. ರಸ್ತೆ ಬಿಟ್ಟುಕೊಟ್ಟಿದ್ದಾನೆ, ಹೆಂಡತಿ ಪಕ್ಕದಲ್ಲಿದ್ದಾಳೆ, ಒತ್ತಿದ್ರೆ ಆಯ್ತು. ಆದ್ರೆ ಅವಳ ಆ ಮಾತು. ಅವ್ರ್ ಕೈ ಬೀಸ್ರೆ. ಸತ್ತು ಬೂದಿಯಾದವನ ಕೈಯ ಮೇಲೆ ಅಷ್ಟು ನಂಬಿಕೆ. ಸ್ಟೇರಿಂಗ್ ಹಿಡಿದವನ ಕಣ್ಣಿನ ಮೇಲೆ ಇಲ್ಲ. ದಾಟಿದ್ರೂ ಅದು ಅವನು ಕೊಟ್ಟ ದಾರಿ ಆಗ್ತದೆ. ಚಂದ್ರನಿಗೆ ಕೆಂಡ ನುಂಗಿದ ಹಾಗಾಯ್ತು.

"ಅವನ ಕಣ್ಣಗೆ ಕಾಂಬ ಕರ್ಮ ನಂಗ್ ಬೇಡ," ಅಂದವನೇ ಬ್ರೇಕ್ ಒತ್ತಿದ. ಎಡಕ್ಕೆ ಎಳೆದು ಮಣ್ಣಿಗೆ ಇಳಿಸಿದ. ಇಂಜಿನ್ ಎರಡು ಸಲ ಕೆಮ್ಮಿ ಬಂದ್ ಬಿತ್ತು.

ಸದ್ದೇ ಇಲ್ಲ.

ಆಮೇಲೆ… ಮೇಲಿನಿಂದ… ಘಳ ಘಳ ಘಳ… ಕಲ್ಲಿಗೆ ಕಲ್ಲು ತಾಗುವ ಸದ್ದು. ಕೆಂಪುಕಲ್ಲಿನ ಲಾರಿ. ಲೈಟಿಲ್ಲ. ಡೀಸೆಲ್ ಉಳಿಸ್ಲಿಕ್ಕೆ ಡ್ರೈವರ್ ಗೇರು ತೆಗೆದು ಇಳಿಜಾರಿನಲ್ಲಿ ಬಿಟ್ಟಿದ್ದ, ಹಾಗಾಗಿ ಇಂಜಿನ್ನಿನ ಸದ್ದೂ ಇಲ್ಲ. ತಿರುವು ಮುರಿದು ಬಂತು. ರಸ್ತೆಯ ಬಲಬದಿಯಲ್ಲಿ, ಚಂದ್ರ ದಾಟ್ಲಿಕ್ಕೆ ಹೋಗಬೇಕಿದ್ದ ಸಾಲಿನಲ್ಲೇ. ಕಿರ್‌ರ್‌ರ್ ಅಂತ ಬ್ರೇಕು ಕಿರುಚಿತು, ನಿಲ್ಲಲಿಲ್ಲ. ಇವರ ಕನ್ನಡಿಗೆ ಗಾಳಿ ಹೊಡೆದು ಮಡಚಿತು. ಕೆಂಪು ಧೂಳು ಬಾಯೊಳಗೆಲ್ಲ. ಲಾರಿ ಕೆಳಗೆ ಇಳಿದು ಹೋಯ್ತು.

ಒತ್ತಿದ್ದಿದ್ರೆ ಅಲ್ಲಿಗೆ ಇಬ್ಬರದ್ದೂ ಮುಗೀತಿತ್ತು. ಹೊಟ್ಟೆಕಿಚ್ಚು ಕೆಟ್ಟದ್ದು, ಕೆಟ್ಟದ್ದು ಅಂತೀರಲ್ಲ? ಅವತ್ತು ಅವನ ಪ್ರಾಣ ಉಳಿಸಿದ್ದು ಅದೇ.

ಮುಂದೆ ಟೆಂಪೊ ಇರಲಿಲ್ಲ. ರಸ್ತೆ ಮೇಲೆ ಐಸಿನ ನೀರಿನ ಗೆರೆ ಮಾತ್ರ, ಏರು ಹತ್ತಿ ಆಚೆ ಹೋಗಿತ್ತು.

ಚಂದ್ರ ಹೆಂಡತಿ ಕಡೆ ತಿರುಗಿದ. ಸುಗಂಧಿ ತೋಳು ಬಿಟ್ಟಿದ್ದಳು. ಅವಳ ಮುಖದಲ್ಲಿ ಹೆದರಿಕೆ ಹುಡುಕಿದ. ಸಿಗಲಿಲ್ಲ. ರೈಲು ತಪ್ಪಿದವರ ಮುಖದ ಹಾಗಿತ್ತು ಅಂತ ಅವನೇ ನನ್ನ ಹತ್ತಿರ ಹೇಳಿದ್ದು.

"ಕಂಡ್ಯಾ?" ಅಂದ. "ಅವನ್ ಕೈ ತಪ್ಪುದಿಲ್ಲೆ ಅಂದ್ಯಲೆ. ಕಂಡ್ಯಾ ಈಗ?"

"ತಪ್ಪಿದ್ದಲ್ಲ," ಅಂದಳು. ತಲೆಯ ಟವೆಲ್ ಸರಿಮಾಡ್ಕೊಂಡು, "ಕರ್ದದ್ದ್."

ಚಂದ್ರ ಕೇಳಬಾರದಿತ್ತು, ಕೇಳಿದ. "ನಿಂಗ್ ಹೋಪುಕ್ ಮನ್ಸ್ ಇದ್ದಿತ್ತಾ?"

"ಮೀನ್ ಹಾಳಾತ್ತ್," ಅಂದಳು. "ಗಾಡಿ ಬಿಡಿ."

ಗಾಡಿ ಬಿಟ್ಟ. ಎಂತ ಮಾಡೋದು? ಏರು ಹತ್ತಿ ತಿರುವು ದಾಟಿ ಕೆಳಗೆ ಇಳಿದ್ರು. ಆಚೆ ಕಡೆ ಮಂಜು ಇರಲಿಲ್ಲ, ಬೆಳಕು ಬಂದಿತ್ತು. ಅವತ್ತು ಮುಂದೆ ಹಾರನ್ ಕೇಳಲಿಲ್ಲ. ಒಂದು ಸಲವೂ ಇಲ್ಲ. ಅವತ್ತಿನಿಂದ ಇವತ್ತಿನವರೆಗೂ ಕೇಳಿಲ್ಲ. ಸೋತು ಹೋದ, ಬಿಟ್ಟು ಹೋದ ಅಂತ ಚಂದ್ರನಿಗೆ ಒಳಗೊಳಗೇ ಗೆದ್ದ ಹಾಗಾಯ್ತು. ಹೆಂಡತಿ ಪಕ್ಕದಲ್ಲೇ ಇದ್ದಾಳೆ. ಉಸಿರಾಡ್ತಾ ಇದ್ದಾಳೆ. ಸಾಕು ಅಂದ್ಕೊಂಡ.

ಪ್ರೇಮಾನಂದನ ತಾಯಿ ಗೇಟಿನ ಹತ್ತಿರವೇ ನಿಂತಿದ್ರು. ಖಾಲಿ ಪಾತ್ರೆ ಕೈಯಲ್ಲಿ. ಇವರ ಗಾಡಿ ನಿಂತದ್ದು ನೋಡಿ ಅವರ ಬಾಯಿ ತೆರೆದದ್ದು ಮುಚ್ಚಲೇ ಇಲ್ಲ.

"ಅಯ್ಯಬ್ಯೇ! ಸುಗಂಧಿ, ನೀನ್ ಯಾವಾಗ್ ತಿರ್ಗಿ ಕೆಳ್ಗ್ ಹೋದ್ದೇ?"

"ಎಲ್ಲಿಗ್ ಹೋಪುದ್ ಅಕ್ಕ? ಈಗ ಬಂದದ್ದ್," ಅಂದಳು ಸುಗಂಧಿ. ಇಳಿದು ತಕ್ಕಡಿ ತೆಗೀತಿದ್ದಳು.

"ಎಂತದ್ ಈಗ? ಈಗ್ಳೇ ನಿಮ್ ಗಾಡಿ ಹೋಯ್ತಲೆ ಮೇಲೆ. ನಿಲ್ಸ್‌ಲೇ ಇಲ್ಲೆ. ಬಿಡುವವ ಕಾಣ್ಲಿಲ್ಲೆ, ನೀನ್ ಈಚೆ ಬದಿಗ್ ಕೂಕಂಡಿದ್ದೆ. 'ಸುಗಂಧೀ' ಅಂದ್ ಕರ್ದೆ, ತಿರ್ಗಿ ಕಾಣ್ಲಿಲ್ಲೆ ನೀನ್."

ಸುಗಂಧಿ ಬಂಗುಡೆಯ ಬಾಲ ಹಿಡಿದು ಒಂದೊಂದೇ ತಕ್ಕಡಿಗೆ ಹಾಕಿದಳು. "ಹೌದಾ," ಅಂದಳು. ಅಷ್ಟೇ.

ಚಂದ್ರ ಅವಳನ್ನು ನೋಡಿದ. ತಲೆಗೆ ಟವೆಲ್. ಕೈ ತುಂಬ ಮೀನಿನ ಪೊರೆ. ಅವಳೇ. ಬೇರೆ ಯಾರೂ ಅಲ್ಲ.

ಈಗ ಇಬ್ಬರೂ ಆ ರಸ್ತೆ ಬಿಟ್ಟಿದ್ದಾರೆ. ಬೈಂದೂರಿನಲ್ಲಿ ಹೈವೇ ಬದಿಗೆ ಒಂದು ಶೆಡ್ ಹಾಕಿ ಮೀನು ಮಾರ್ತಾರೆ. ವ್ಯಾಪಾರ ಪರವಾಗಿಲ್ಲ. ಚಂದ್ರ ಈ ವಿಷಯ ಹೇಳ್ಲಿಕ್ಕೆ ಕೂತ್ರೆ ಲಾರಿ ಸುದ್ದಿ ಎರಡು ಮಾತಲ್ಲಿ ಮುಗಿಸ್ತಾನೆ. ಸಾವು ಇಷ್ಟು ಹತ್ತಿರ ಬಂದು ಹೋಯ್ತಲ್ಲ ಮಾರಾಯ, ಅಂದ್ರೆ ತಲೆ ಅಲ್ಲಾಡಿಸ್ತಾನೆ. ಅದಲ್ಲ ಸರೋಜಕ್ಕ, ಅಂತಾನೆ. ಪ್ರೇಮಾನಂದನ ತಾಯಿ ಆಮೇಲೆ ಹೇಳಿದ ಮಾತೊಂದಿದೆ, ಅದನ್ನು ಮಾತ್ರ ಮತ್ತೆ ಮತ್ತೆ ಹೇಳ್ತಾನೆ. ಕುಡಿದ್ರಂತೂ ಅದೊಂದೇ.

ನಾನು ಸುಮ್ಮನೆ ನಂಬುವವಳಲ್ಲ. ವಂಡ್ಸೆಗೆ ಹೋದಾಗ ಬಸ್ಸಿಳಿದು ಆ ಹೆಂಗಸಿನ ಮನೆಗೇ ಹೋಗಿ ಖುದ್ದು ಕೇಳಿದೆ. ಅಂಗಳದಲ್ಲಿ ಕೂತು ಬೀಡಿ ಕಟ್ತಾ ಇದ್ರು. ತಲೆ ಎತ್ತದೆ ಹೇಳಿದ್ರು.

"ಹೌದ್ ಹೆಣೆ, ಆ ಮುಂದಿನ ಗಾಡಿಯಗೆ ಸುಗಂಧಿನ ನಾನೇ ಕಂಡದ್ದ್. ತಲಿ ತುಂಬ ಹೆಮ್ಮಾಡಿ ಸೇವಂತಿಗಿ ಮುಡ್ಕಂಡಿದ್ದಿತ್ತ್. ಎಂತ ನಗು ಮರಾಯ್ತಿ ಅದ್ರದ್ದ್! ಅಷ್ಟ್ ನಗಾಡೂದ್ ನಾ ಈಚಿಗೆ ಯಾವತ್ತೂ ಕಾಣ್ಲಿಲ್ಲೆ."